ಪರವಾನಗಿ ಇರೋ ಮನೆತನದ ಬಂದೂಕುಗಳಿಗೆ ಕೈಗೆಟುಕೋ ವಿಮೆ: ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಯಾರಾದ್ರೂ ಮಾಡಿಸೀರೇನ್ರಿ?

ಘಟಪ್ರಭಾ_ದಂಡಿ (ಮುಧೋಳ ತಾಲೂಕು)

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಬರೀತೀನಿ, ಅರ್ಧಾ ಹೇಳಿದ್ರ ಉತ್ತರಾನೂ ಅರ್ಧಾನ ಬರ್ತಾವು.

ನಮ್ಮ ವಾಡೇದಾಗ ಮೂರು ಬಂದೂಕು ಅದಾವು. ಒಂದು ಅಜ್ಜಾರು ಕೊಂಡಿದ್ದು, ಇಂಗ್ಲೆಂಡಿನ ಗ್ರೀನರ್ ಕಂಪನಿಯ 12 ಬೋರ್ ಜೋಡುನಳಿಗಿ. ಇನ್ನೊಂದು ಅಪ್ಪಾರದು, ಇಛಾಪುರ ಕಾರ್ಖಾನಿಯ ಪಾಯಿಂಟ್ 315 ರೈಫಲ್. ಮೂರನೇದು ಮುತ್ತಜ್ಜನ ಕಾಲದ ಕೇಪಿನ ಬಂದೂಕು. ಅದರ ಕುದುರಿ ಮುರದೈತಿ, ನಳಿಗಿ ತಳಾನ ತಿಂದು ಹೋಗೈತಿ, ಹಾರಸಾಕ ಬರೂದಿಲ್ಲ. ಖಂಡೇನವಮಿ ದಿನಾ ಮೂರಕ್ಕೂ ಅರಿಶಿಣ ಕುಂಕುಮ ಹಚ್ಚಿ ಪೂಜಾ ಮಾಡ್ತೀವಿ. ಅಪ್ಪಾರು ತೀರಿಕೊಂಡ ಮ್ಯಾಲ ಜೋಡುನಳಿಗಿ ಮತ್ತ ರೈಫಲ್ಲು ವಾರಸಾ ಪರವಾನಗಿ ಮ್ಯಾಲ ನನ್ನ ಹೆಸರಿಗೆ ಬಂದಾವು.

ವಿಮಾ ಯಾಕ ಬೇಕಂದ್ರ, 2019ರ ಆಗಸ್ಟ್ ಪ್ರವಾಹ. ಘಟಪ್ರಭಾ ನೀರು ರಾತ್ರೋರಾತ್ರಿ ಪಡಸಾಲಿಗೆ ಬಂತು. ಅವ್ವನ್ನ, ದನಾ ಕರಾ ದಾಟಿಸೂದ್ರಾಗ ಬೆಳಕ ಹರೀತು. ಆರು ದಿವಸದ ಮ್ಯಾಲ ತಿರುಗಿ ಬಂದು ಕಬ್ಬಿಣದ ಕಪಾಟ ತಗದ್ರ ಒಳಗ ಮೊಣಕಾಲಮಟಾ ಕರಿ ರಾಡಿ. ಗ್ರೀನರ್ ಎತ್ತಿ ನಳಿಗಿ ಮುರದು ಬೆಳಕಿಗೆ ಹಿಡದೆ, ಆ ಕಡೆ ಏನೂ ಕಾಣಲಿಲ್ಲ. ಒಂದು ನಳಿಗ್ಯಾಗ ರಾಡಿ ಗಟ್ಟಿಯಾಗಿ ಬಿಗದಿತ್ತು. ಆಕ್ರೋಟ ಕಟಗಿಯ ಬಟ್ಟು ನೀರು ಕುಡದು ಉಬ್ಬಿ, ಲೋಹದ ಜೋಡಣಿ ಇದ್ದಲ್ಲಿ ಕೂದಲೆಳಿಯಷ್ಟು ಸೀಳಿತ್ತು. ಅಪ್ಪಾರು ಅಂಗಳದಾಗ ಕಂಬಳಿ ಹಾಸಿ ಕುಂತು, ಹಿತ್ತಾಳಿ ಬ್ರಶ್ಶಿನಿಂದ ಎರಡು ದಿವಸ ಒಂದೂ ಮಾತಾಡ್ಲಾರದ ತಿಕ್ಕಿದ್ರು. ರಿಪೇರಿ ಖರ್ಚೆಲ್ಲಾ ಕೈಯಿಂದನ ಹಾಕಿದ್ವಿ. ಮನಿಗೆ ಬ್ಯಾಂಕ್ ಸಾಲದ ಜೋಡಿ ಬಂದ ವಿಮಾ ಇತ್ತು ಖರೆ, ಅದು ಬರೇ ಕಟ್ಟಡಕ್ಕಿತ್ತು, ಒಳಗಿನ ಸಾಮಾನಿಗೆ ಇರಲಿಲ್ಲ.

ಈಗ ಮೂರು ಕಡೆ ಅಡ್ಡಾಡಿದೆ. ಒಬ್ರು "ಬಂದೂಕಿಗೆ ನಾವು ಮಾಡೂದಿಲ್ಲ" ಅಂದು ಫೈಲ್ ಮುಚ್ಚಿದ್ರು. ಇನ್ನೊಬ್ರು "ಮನಿ ಸಾಮಾನಿನ್ಯಾಗ ಎಲ್ಲಾ ಬರ್ತೈತಿ, ಬರದು ಕೊಡೂದೇನು ಬ್ಯಾಡ" ಅಂದ್ರು. ಮೂರನೇದವರು ಹೇಳಿದ ಕಂತು ಕೇಳಿ ಎದ್ದು ಬಂದೆ. ಬರದು ಕೊಡಲಾರದ ಮಾತು ನಂಬಬಹುದೇನ್ರಿ? ಕಡಿಮಿ ಖರ್ಚಿನ್ಯಾಗ ಹೆಂಗ ಮಾಡಸೂದು?

ಸರ್ವೇಯರ್_ಕಾಕಾ (ವಿಜಯಪುರ)

ವಿಮಾ ನಷ್ಟದ ಸರ್ವೆ ಮಾಡಿಕೊಂಡೇ ನಿವೃತ್ತನಾದವನು ನಾನು. ಬಂದೂಕಿನ ಕ್ಲೇಮು ನೋಡಿದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಬಿದ್ದುಹೋದವು ಬಹುತೇಕ ಒಂದೇ ಕಾರಣಕ್ಕೆ: ಪಾಲಿಸಿಯ ಷೆಡ್ಯೂಲಿನಲ್ಲಿ, ಅಂದರೆ ವಿಮೆಗೆ ಒಳಪಟ್ಟ ವಸ್ತುಗಳ ಪಟ್ಟಿಯಲ್ಲಿ, ಬಂದೂಕಿನ ಹೆಸರೇ ಇರಲಿಲ್ಲ. ಎರಡನೆಯವರು ನಿಮಗೆ ಹೇಳಿದರಲ್ಲ, "ಎಲ್ಲಾ ಬರ್ತೈತಿ" ಅಂತ, ಆ ಮಾತು ಕ್ಲೇಮಿನ ದಿನ ಯಾರಿಗೂ ನೆನಪಿರುವುದಿಲ್ಲ.

ಕೌಂಟರಿನಲ್ಲಿ "ಬಂದೂಕಿನ ವಿಮೆ ಕೊಡಿ" ಎಂದು ಕೇಳಬೇಡಿ. ಆ ಹೆಸರು ಕೇಳಿದರೆ ಎದುರಿಗಿದ್ದವರು ಹಿಂದೆ ಸರಿಯುತ್ತಾರೆ. ಮನೆ ಸಾಮಾನಿನ ಪಾಲಿಸಿ ಕೇಳಿ. ಅದರೊಳಗೆ ಪ್ರತಿ ಬಂದೂಕನ್ನೂ ತಯಾರಕರು, ಬೋರು, ಸೀರಿಯಲ್ ನಂಬರು, ಪರವಾನಗಿ ನಂಬರು, ಮೊತ್ತದ ಸಮೇತ ಬೇರೆ ಬೇರೆ ಸಾಲಾಗಿ ಬರೆಸಿ. ಅಗ್ಗದ ದಾರಿ ಇದೇ.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಬೇಕಾದ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಬೆಂಕಿ, ಸಿಡಿಲು, ಪ್ರವಾಹ, ಭೂಕಂಪ ಎಲ್ಲ ಅದರಲ್ಲಿ ಬರುತ್ತವೆ. ಕಟ್ಟಡಕ್ಕೆ ಮಾಡಿಸಿದರೆ ಅದರ ಮೊತ್ತದ 20 ಶೇಕಡಾದಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಸಾಮಾನ್ಯ ಸಾಮಾನಿಗೆ ತಾನಾಗಿ ರಕ್ಷಣೆ ಸಿಗುತ್ತದೆ. ಈ ಪಾಲಿಸಿ ಆಗ ಇದ್ದಿದ್ದರೆ, ಅದರಲ್ಲಿ ಹೆಸರೂ ಇದ್ದಿದ್ದರೆ, ನಿಮ್ಮ ತಂದೆಯವರ ಆ ರಿಪೇರಿ ಖರ್ಚು ಕೇಳಬಹುದಿತ್ತು. ಆದರೆ ಮೂರು ವಿಷಯ ಎಚ್ಚರದಿಂದ ಓದಿ.

ಕಳ್ಳತನಕ್ಕೆ ಇದರಲ್ಲಿ ರಕ್ಷಣೆ ಬಹಳ ಕಡಿಮೆ. ಪ್ರವಾಹವೋ ಬೆಂಕಿಯೋ ಆದ ಮೇಲೆ, ಅದರ ಕಾರಣದಿಂದಲೇ, 7 ದಿನದೊಳಗೆ ಕಳುವಾದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ಒಂದು ರಾತ್ರಿ ಬೀಗ ಒಡೆದು ಒಯ್ದರೆ ಇಲ್ಲ. ಅದಕ್ಕೆ ಬರ್ಗ್ಲರಿ ರಕ್ಷಣೆ ಬೇರೆ ಸೇರಿಸಬೇಕು. ಬರ್ಗ್ಲರಿಯಲ್ಲೂ ಬಲವಂತವಾಗಿ ಒಳನುಗ್ಗಿದ ಗುರುತು ಬೇಕು: ಮುರಿದ ಕೊಂಡಿ, ಎದ್ದ ಚೌಕಟ್ಟು. ಮನೆಗೆ ಬಂದುಹೋಗುವವರ ಕೈಯಿಂದ ಸದ್ದಿಲ್ಲದೆ ಹೋದರೆ, ಥೆಫ್ಟ್ ಎಂದು ವಿಸ್ತರಣೆ ಬರೆಸಿರದಿದ್ದರೆ, ಸಿಗುವುದಿಲ್ಲ.

ಕಾಡತೂಸು, ಮದ್ದು ಇವನ್ನು ಮರೆತುಬಿಡಿ. ಸ್ಫೋಟಕ ವಸ್ತುಗಳನ್ನು ಪಾಲಿಸಿ ಹೊರಗೇ ಇಡುತ್ತದೆ.

ಇನ್ನು ಬೆಲೆ. ನಿಮ್ಮ ಗ್ರೀನರ್ ಕಳೆದುಹೋದರೆ ಅಂಗಡಿಗೆ ಹೋಗಿ ಅಂಥದ್ದೇ ಹೊಸದು ತರಲು ಆಗುವುದಿಲ್ಲ. ಪರದೇಶದ ಬಂದೂಕು ಖಾಸಗಿಯಾಗಿ ತರಿಸುವುದು 1980ರ ದಶಕದಲ್ಲೇ ನಿಂತುಹೋಗಿದೆ, ಹಳೆಯವಕ್ಕೆ ಬೆಲೆ ಬಂದಿರುವುದೂ ಅದಕ್ಕೇ. ಆದ್ದರಿಂದ ಅದನ್ನು ಸಾಮಾನ್ಯ ಸಾಮಾನಿನಲ್ಲಿ ಬಿಡದೆ ಬೆಲೆಬಾಳುವ ವಸ್ತುಗಳ ಐಚ್ಛಿಕ ಭಾಗಕ್ಕೆ ಹಾಕಿಸಿ. ಅಲ್ಲಿ ಪಾಲಿಸಿ ಮಾಡುವಾಗಲೇ ಒಪ್ಪಿ ಬರೆದ ಮೌಲ್ಯದ ಮೇಲೆ ಕೊಡುತ್ತಾರೆ. ಒಟ್ಟು 5 ಲಕ್ಷದೊಳಗಿದ್ದು, ಒಂದೊಂದು ವಸ್ತು 1 ಲಕ್ಷ ದಾಟದಿದ್ದರೆ ಮೌಲ್ಯದ ಪ್ರಮಾಣಪತ್ರ ಬೇಡ. ಗ್ರೀನರ್ ಲಕ್ಷ ದಾಟುವಂತಿದ್ದರೆ ಪರವಾನಗಿ ಹೊಂದಿದ ಆರ್ಮ್ಸ್ ಡೀಲರ್ ಕಡೆಯಿಂದ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ, ಅದು ನಡೆಯುತ್ತದೋ ಇಲ್ಲವೋ ಎಂದು ಶಾಖೆಯಲ್ಲಿ ಮೊದಲೇ ಕೇಳಿ.

ತಿಳಕವಾಡಿ_ಹವಾಲ್ದಾರ್ (ಬೆಳಗಾವಿ)

ಸರ್ವೇಯರ್ ಸಾಹೇಬ್ರು ಹೇಳಿದ್ದು ಮನಿಯೊಳಗ ಇರೂ ಬಂದೂಕಿಗೆ. ನನ್ನಂಥಾವರದು ಬ್ಯಾರೇ ಐತ್ರಿ. ಮರಾಠಾ ಲೈಟ್ ಇನ್ಫಂಟ್ರಿಯಿಂದ ನಿವೃತ್ತಿ ಆಗಿ ಬಂದು, ಸ್ವಂತ 12 ಬೋರ್ ತಗೊಂಡು ಬ್ಯಾಂಕ್ ಕಾವಲಕ್ಕ ಹೊಂಟೀನಿ. ಬೆಳಗಾವಿ ಕಡೆ ನನ್ನಂಥಾ ಮಾಜಿ ಸೈನಿಕರು ಬಾಳ ಮಂದಿ ಅದಾರು. ಬಂದೂಕನ ನಮ್ಮ ಅನ್ನ. ಅದು ದಿನಾ ಮನಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನಿಗೆ ಅಡ್ಡಾಡತೈತಿ.

ಒಂದ ಮಳಿಗಾಲದಾಗ ಗಾಡಿ ಜಾರಿ ಬಿದ್ದೆ. ನನಗ ಕೆತ್ತಿದ್ದು ಅಷ್ಟ, ಬಂದೂಕಿನ ಬಟ್ಟು ಮಾತ್ರ ಹಿಡಿಕಿ ಹತ್ರ ಸೀಳಿತು. ಪಾಲಿಸಿ ಇತ್ತು, ಹೋಗಿ ತೋರಿಸಿದೆ. "ಮನಿ ವಿಳಾಸದಾಗ ಆಗಿಲ್ಲ" ಅಂತ ಬರದು ವಾಪಸ್ ಕೊಟ್ರು. ಓದಿ ನೋಡಿದ್ರ ಅವರು ಹೇಳಿದ್ದು ಖರೇನ ಇತ್ತು. ಹಂಗಂತ ಮಾಡಸೂ ಮುಂದ ನಾ ಏನು ಕೆಲಸಾ ಮಾಡ್ತೀನಿ ಅಂತ ಒಬ್ರೂ ಕೇಳಿರಲಿಲ್ಲ, ಆ ಸಂಕಟ ಇನ್ನೂ ಐತಿ.

ಈಗ ನಂದು ಆಲ್ ರಿಸ್ಕ್ ಪಾಲಿಸಿ. ಹೊರಗ ಒಯ್ದಾಗ ಬಿದ್ರೂ, ಕಳುವಾದ್ರೂ ಬರ್ತೈತಿ. ಕಂತು ಜಾಸ್ತಿ, ಆದ್ರ ಒಂದ ವಸ್ತುವಿಗೆ ಮಾಡಿಸಿದ್ದಕ್ಕ ತಡಕೊಳ್ಳೂವಷ್ಟು ಐತಿ. "ಕಾವಲು ಕೆಲಸಕ್ಕ ಬಳಸ್ತೀನಿ" ಅಂತ ಅರ್ಜಿದಾಗ ಸ್ವಚ್ಛ ಬರಸೀನಿ. ಮುಚ್ಚಿಟ್ಟು ಮನಿಬಳಕಿ ಅಂತ ಬರಸಿದ್ರ ಕಂತು ಇಳೀತೈತಿ, ಕ್ಲೇಮೂ ಇಳೀತೈತಿ. ನನ್ನ ಜೋಡಿ ಕೆಲಸಾ ಮಾಡೂ ತಮ್ಮಗೋಳಿಗೆಲ್ಲಾ ಇದನ್ನ ಹೇಳ್ತೀನಿ.

ಭೀಮಗಡ_ಅಂಚು (ಖಾನಾಪುರ)

ನನ್ನ ಅಭಿಪ್ರಾಯ ಸ್ವಲ್ಪ ಬ್ಯಾರೆ ಐತಿ, ಯಾರೂ ಬ್ಯಾಸರಾ ಮಾಡ್ಕೊಬ್ಯಾಡ್ರಿ. ನಮ್ಮ ಹೊಲಾ ಕಾಡಿನ ಮಗ್ಗಲಕ್ಕ. ಬೆಳಿ ರಕ್ಷಣಿ ಪರವಾನಗಿ ಮ್ಯಾಲ ಒಂಟಿನಳಿಗಿ ಐತಿ, ಹಂದಿ ಬೆದರಸಾಕ ಗಾಳಿಯೊಳಗ ಒಂದು ಹೊಡೀತೀನಿ ಅಷ್ಟ. ಇಂಥಾ ಸಾದಾ ಬಂದೂಕಿಗೆ ವರ್ಷಾ ವರ್ಷಾ ಕಂತು ತುಂಬೂದಕ್ಕಿಂತ, ಒಂದ ಸಲಾ ಗಟ್ಟಿ ಕಪಾಟ ಮಾಡಿಸಿ ಗ್ವಾಡಿಗೆ ಬೋಲ್ಟ್ ಹಾಕಿ ಕೂಡಸೂದು ಚಲೋ. ಹೋದ್ರ ನಮ್ಮ ಜೇಬಿನಿಂದ ತಡಕೋಬಹುದು.

ನನಗ ಅಂಜಿಕಿ ಇರೂದು ಬಂದೂಕು ಹೋಗೂದಕ್ಕಲ್ಲ, ಬಂದೂಕಿನಿಂದ ಯಾರಿಗರ ಏನರ ಆಗೂದಕ್ಕ. ರಾತ್ರಿ ಹೊಲದಾಗ ಕೂಲಿ ಮಂದಿ ಇರ್ತಾರು, ಬಾಜೂ ಹೊಲದವರು ನೀರು ಬಿಡಾಕ ಬಂದಿರ್ತಾರು. ನಾ ಮನಿ ಪಾಲಿಸಿದಾಗ ಪಬ್ಲಿಕ್ ಲಯಬಿಲಿಟಿ ಭಾಗ ತಗೊಂಡೆ. ಅಕಸ್ಮಾತ್ ಮೂರನೇದವರಿಗೆ ಪೆಟ್ಟಾದ್ರ ಕೊಡಬೇಕಾದ ಪರಿಹಾರ ಅದರಾಗ ಬರ್ತೈತಿ. ಹೊಲದಾಗ ಆದ್ರೂ ಬರ್ತೈತೇನು, ಬಂದೂಕಿನಿಂದ ಆದ್ರೂ ಬರ್ತೈತೇನು ಅಂತ ಎರಡ ಪ್ರಶ್ನಿ ಕಾಗದದ ಮ್ಯಾಲ ಬರದು ಕೊಟ್ಟು, ಸಹಿ ಮಾಡಿದ ಉತ್ತರಾ ಇಸಕೊಂಡೀನಿ. ಒಂದೂವರಿ ತಿಂಗಳಾ ಅಡ್ಡಾಡಿದೆ ಆ ಉತ್ತರಕ್ಕ.

ಸರ್ವೇಯರ್_ಕಾಕಾ (ವಿಜಯಪುರ)

ಖಾನಾಪುರದವರ ಮಾತು ತೂಕದ್ದು. ಕಡಿಮೆ ಬೆಲೆಯ ಬಂದೂಕಿಗೆ ವಿಮೆಗಿಂತ ಕಪಾಟೇ ಮೇಲು, ಒಪ್ಪುತ್ತೇನೆ. ಲಯಬಿಲಿಟಿಗೆ ಒಂದು ಮಾತು ಸೇರಿಸುತ್ತೇನೆ. ಕಾನೂನು ಮುರಿದು ಮಾಡಿದ ಕೆಲಸಕ್ಕೆ ಯಾವ ಪಾಲಿಸಿಯೂ ನಿಲ್ಲುವುದಿಲ್ಲ. ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂಥ ಕಡೆ ಪೆಟ್ಟಾದವರಿಗೆ ಪರಿಹಾರವನ್ನು ಮನೆ ಮಾರಿಯೇ ಕೊಡಬೇಕಾದೀತು.

ಜಮಖಂಡಿ_ಅಮ್ಮ

ನಮಸ್ಕಾರ. ನನ್ನ ಮಗಳು ಹತ್ತು ಮೀಟರ್ ಏರ್ ರೈಫಲ್ ಆಡ್ತಾಳ್ರಿ. ಪಾಯಿಂಟ್ 177 ಬೋರು, 20 ಜೂಲ್ ಒಳಗಿನ ಶಕ್ತಿ, ಹಂಗಾಗಿ ಪರವಾನಗಿ ಬೇಕಿಲ್ಲ. ಆದ್ರ ರೈಫಲ್ಲಿಗೆ ಹಾಕಿದ್ದು ನನ್ನ ಪಾಟ್ಲಿ ಮಾರಿದ ರೊಕ್ಕಾ. ರೈಲಿನ್ಯಾಗ ಸ್ಪರ್ಧೆಗೆ ಹೋಗಿಬರೂ ಮುಂದ ಆಕಿ ರೈಫಲ್ ಪೆಟ್ಟಿಗಿ ತೆಲಿದೆಸಿಗೆ ಇಟ್ಕೊಂಡು ಮಲಗ್ತಾಳ. ಇದಕ್ಕೂ ವಿಮಾ ಆಗ್ತೈತೇನ್ರಿ?

ತಿಳಕವಾಡಿ_ಹವಾಲ್ದಾರ್ (ಬೆಳಗಾವಿ)

ಆಗ್ತೈತಿ ಅಕ್ಕಾರ. ಇದು ಎಲ್ಲಾರಕಿಂತ ಹಗುರು. ಕ್ರೀಡಾ ಸಾಮಾನು ಅಂತ ಆಲ್ ರಿಸ್ಕ್ ಕೇಳ್ರಿ. ಬಿಲ್ಲು, ಸೀರಿಯಲ್ ನಂಬರು, ಪೆಟ್ಟಿಗಿ ಸಮೇತ ಫೋಟೋ ಕೊಡ್ರಿ. ಭಾರತದೊಳಗ ಎಲ್ಲಾ ಕಡೆ ಅಂತ ಬರಸ್ರಿ. ಪರದೇಶಕ್ಕ ಹೋಗೂ ಯೋಗ ಬಂದ್ರ ಆವಾಗ ವಿಸ್ತರಣಿ ಕೇಳ್ರಿ, ಈಗ ಅದಕ್ಕ ರೊಕ್ಕಾ ಹಾಕಬ್ಯಾಡ್ರಿ. ಮಗಳಿಗೆ ನನ್ನ ಆಶೀರ್ವಾದ ಹೇಳ್ರಿ.

ಕೃಷ್ಣೆ_ಕಡೆಯವ (ಬಾಗಲಕೋಟಿ)

ಒಂದು ಮಾತು ಯಾರೂ ಎತ್ತಲಿಲ್ಲ. ಊರಾಗ ನಮಗ ಪರಿಚಯ ಇರೂ ಏಜೆಂಟನ ಕೈಯಾಗ, ಯಾವ ಮನ್ಯಾಗ ಯಾವ ಬಂದೂಕು, ಎಷ್ಟು ಬೆಲಿ, ಯಾವ ಕಪಾಟಿನ್ಯಾಗ ಐತಿ ಅಂತ ಬರದು ಕೊಡೂದು ಎಷ್ಟು ಸುರಕ್ಷಿತ? ಆ ಪಟ್ಟಿ ವಾಟ್ಸಾಪಿನ್ಯಾಗ ಎಲ್ಲೆಲ್ಲಿ ತಿರಗಾಡ್ತೈತೋ. ನಾ ಇದಕ್ಕನ ಇನ್ನೂ ಮಾಡಿಸಿಲ್ಲ.

ಇನ್ನೊಂದು ಚುನಾವಣಿ. ಪ್ರತಿ ಸಲಾ ನೀತಿಸಂಹಿತಿ ಬಂದ್ಕೂಡ್ಲೆ ಠಾಣೆಗೆ ಜಮಾ. 2023ರ ಮೇ 10ರ ವಿಧಾನಸಭಾ ಮತದಾನಕ್ಕ ಒಮ್ಮೆ, 2024ರ ಮೇ 7ಕ್ಕ ನಮ್ಮ ಕಡೆ ಲೋಕಸಭಾ ಆದಾಗ ಇನ್ನೊಮ್ಮೆ ಜಮಾ ಮಾಡಿದ್ದೆ. ಎರಡನೇ ಸಲಾ ತಿರುಗಿ ಇಸಕೊಂಡಾಗ ನಳಿಗಿ ಬಾಯಿಗೆ ಕೆಂಪನ ತುಕ್ಕು ಹಿಡದಿತ್ತು. ಆ ದಿನಗೋಳಿನ್ಯಾಗ ಮನಿ ಪಾಲಿಸಿ ಬರ್ತೈತೇನು? 1857ರಾಗ ಹಲಗಲಿ ಬೇಡರು ಬಂದೂಕು ಒಪ್ಪಿಸಾಕ ಒಲ್ಲೆ ಅಂದು ಊರಿಗೂರನ ಉರಿದುಹೋದ ನೆಲಾ ಇದು. ನಮಗ ಹತ್ಯಾರ ಕೈಬಿಟ್ಟು ಕೊಡೂ ಮುಂದ ಹೊಟ್ಟ್ಯಾಗ ಒಂದು ನೋವು ಇದ್ದ ಇರ್ತೈತಿ. ಕಾಯ್ದೆ ಐತಿ, ಕೊಡ್ತೀವಿ. ಕೊಟ್ಟದ್ದು ಕೊಟ್ಟಂಗ ತಿರುಗಿ ಬರಬೇಕು ಅಷ್ಟ.

ಸರ್ವೇಯರ್_ಕಾಕಾ (ವಿಜಯಪುರ)

ಎರಡೂ ಒಳ್ಳೆಯ ಪ್ರಶ್ನೆ.

ಪಟ್ಟಿಯನ್ನು ಏಜೆಂಟರಿಗೆ ಕೊಡಲೇಬೇಕೆಂದಿಲ್ಲ. ಶಾಖೆಗೆ ನೀವೇ ಹೋಗಿ, ಮುಚ್ಚಿದ ಲಕೋಟೆಯಲ್ಲಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕಪಾಟು ಎಲ್ಲಿದೆ ಎಂದು ಬರೆಯುವ ಅಗತ್ಯವಿಲ್ಲ, ಬೀಗವಿರುವ ಕಬ್ಬಿಣದ ಕಪಾಟಿನಲ್ಲಿ ಇದೆ ಎಂದರೆ ಸಾಕು. ಫೋನಿನಲ್ಲಿ ಫೋಟೋ ಕಳಿಸಬೇಡಿ.

ಠಾಣೆಯಲ್ಲಿದ್ದಾಗ ಮನೆ ಪಾಲಿಸಿ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಅದು ವಿಳಾಸಕ್ಕೆ ಕಟ್ಟಿದ್ದು. "ಕಾನೂನಿನ ಪ್ರಕಾರ ಠಾಣೆಯಲ್ಲೋ ಪರವಾನಗಿ ಪಡೆದ ಡೀಲರ್ ಬಳಿಯೋ ಇಟ್ಟಿರುವ ಅವಧಿಗೂ ಅನ್ವಯ" ಎಂಬ ಒಂದು ಸಾಲನ್ನು ಎಂಡಾರ್ಸ್‌ಮೆಂಟ್ ಮಾಡಿಸಿ, ಅಂದರೆ ಪಾಲಿಸಿಗೆ ಅಧಿಕೃತವಾಗಿ ಸೇರಿಸಿಸಿ. ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಒಪ್ಪುವವರ ಕಡೆ ಹೋಗಿ. ಆದರೂ ತುಕ್ಕು ಮಾತ್ರ ಬರುವುದಿಲ್ಲ. ನಿಧಾನವಾಗಿ ಆಗುವ ಸವೆತ, ತುಕ್ಕು, ಹುಳು ಹಿಡಿಯುವುದು ಎಲ್ಲ ಕಡೆಯೂ ಹೊರಗೆ. ಅದಕ್ಕೆ ಎಣ್ಣೆಯೇ ಮದ್ದು: ಜಮಾ ಮಾಡುವ ಹಿಂದಿನ ರಾತ್ರಿ ನಳಿಗೆಯ ಒಳಗೆ ದಪ್ಪಗೆ ಎಣ್ಣೆ ಸವರಿ, ಹೊರಗೂ ಎಣ್ಣೆ ಬಟ್ಟೆ ಆಡಿಸಿ ಕೊಡಿ. ತೊಗಲಿನ ಚೀಲದಲ್ಲಿ ಹಾಕಿ ಕೊಡಬೇಡಿ, ತೊಗಲು ತೇವ ಹಿಡಿಯುತ್ತದೆ. ರಸೀದಿಯಲ್ಲಿ ಬರೀ "ಒಂದು ಬಂದೂಕು" ಎಂದಿರದೆ ಸೀರಿಯಲ್ ನಂಬರೂ, "ತುಕ್ಕಿಲ್ಲ, ಬಟ್ಟು ಸೀಳಿಲ್ಲ" ಎಂಬ ಮಾತೂ ಇರಲಿ. ವಿನಯದಿಂದ ಕೇಳಿದರೆ ಬರೆದುಕೊಡುತ್ತಾರೆ.

ಕಳುವಾದರೆ ಮೊದಲ ಓಟ ಠಾಣೆಗೆ, ವಿಮಾ ಕಚೇರಿಗೆ ಅಲ್ಲ. ಕೂಡಲೇ ಹತ್ತಿರದ ಠಾಣೆಗೆ ತಿಳಿಸಬೇಕೆಂಬುದು ಪರವಾನಗಿಯ ಷರತ್ತೇ. ಎಫ್‌ಐಆರ್ ನಕಲು, ಪರವಾನಗಿ ನೀಡಿದ ಕಚೇರಿಗೆ ಕೊಟ್ಟ ಪತ್ರದ ನಕಲು ಎರಡೂ ಕ್ಲೇಮಿಗೆ ಬೇಕು. ಪತ್ತೆಯಾಗದಿದ್ದರೆ ಪೊಲೀಸರು ಸಲ್ಲಿಸುವ ಸಿ ರಿಪೋರ್ಟ್ ಬರುವತನಕ ಕಂಪನಿ ಕಾಯಿಸುತ್ತದೆ, ತಿಂಗಳುಗಟ್ಟಲೆ ಆಗಬಹುದು. ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಸಹಾಯವಾಣಿ 155255.

ಮರೆಯುವ ಮುಂಚೆ ಘಟಪ್ರಭಾ ದಂಡಿಯವರಿಗೆ: ಮನೆ ಯಾರ ಹೆಸರಲ್ಲಿದೆ? ನಮ್ಮ ಕೂಡುಕುಟುಂಬಗಳಲ್ಲಿ ಉತಾರೆ (ಆಸ್ತಿ ದಾಖಲೆ) ದೊಡ್ಡಪ್ಪನ ಹೆಸರಲ್ಲಿ, ಪಾಲಿಸಿ ಅಣ್ಣನ ಹೆಸರಲ್ಲಿ, ಪರವಾನಗಿ ತಮ್ಮನ ಹೆಸರಲ್ಲಿ ಇರುತ್ತದೆ. ಬಂದೂಕು ಪರವಾನಗಿದಾರನದು. ಆದ್ದರಿಂದ ಸಾಮಾನಿನ ಪಾಲಿಸಿಯಲ್ಲಿ ಅವನ ಹೆಸರಿರಲೇಬೇಕು. ಮನೆ ತನ್ನದಲ್ಲದಿದ್ದರೂ ಸಾಮಾನಿಗಷ್ಟೇ ಪಾಲಿಸಿ ಮಾಡಿಸಬಹುದು. ಪರವಾನಗಿಯ ಅವಧಿ 2019ರ ತಿದ್ದುಪಡಿಯಿಂದ 3 ವರ್ಷದ ಬದಲು 5 ವರ್ಷ ಆಗಿದೆ. ಅದು ಮುಗಿಯುವ ದಿನಾಂಕ ಬರೆದು ಗೋಡೆಗೆ ಅಂಟಿಸಿ. ನವೀಕರಣವಾಗದ ಬಂದೂಕಿಗೆ ಕ್ಲೇಮು ಕೇಳಿದರೆ ದುಡ್ಡೂ ಬರುವುದಿಲ್ಲ, ಮೇಲೆ ಕೇಸು ಬರುತ್ತದೆ.

ಘಟಪ್ರಭಾ_ದಂಡಿ (ಮುಧೋಳ ತಾಲೂಕು)

ಕಾಕಾರ, ನೀವು ಕೇಳಿದ್ದು ಗುರಿಗೆ ಬಿತ್ತು. ಉತಾರಿ ಇನ್ನೂ ನಮ್ಮ ಮನಿ ಕಾಕಾರ ಹೆಸರಿಗೆ ಐತಿ, ಪರವಾನಗಿ ನಂದು. ನೀವು ಕೇಳಲಿದ್ರ ಪಾಲಿಸಿ ಕಾಕಾರ ಹೆಸರಿಗೆ ಮಾಡಿಸಿಬಿಡ್ತಿದ್ದೆ.

ಕೇಪಿನ ಬಂದೂಕಿನ ಬಗ್ಗೆ ಇನ್ನೊಂದು ಸಂಶಯ. ಎರಡಕ್ಕಿಂತ ಹೆಚ್ಚು ಇಡಬಾರದು ಅಂತ 2019ರಾಗ ಕಾಯ್ದೆ ಬಂತಲ್ರಿ, ಮದಲ ಮೂರು ಇತ್ತು. ಈ ಕೇಪಿಂದು ಮೂರನೇದು ಅಂತ ಹಿಡೀತಾರೇನು? ಅಪ್ಪಾರು ಇದ್ದಾಗ ಯಾರೂ ಕೇಳಿರಲಿಲ್ಲ.

ಸರ್ವೇಯರ್_ಕಾಕಾ (ವಿಜಯಪುರ)

ರಿಪೇರಿ ಮಾಡಿದರೂ ಹಾರಿಸಲು ಬಾರದ, ಹಳೇ ಮಾದರಿಯ ಬಂದೂಕಿಗೆ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದರೆ "ಹಾರಿಸಲು ಬಾರದು" ಎಂದು ತೀರ್ಮಾನ ಮಾಡುವವರು ನೀವೂ ಅಲ್ಲ, ನಾನೂ ಅಲ್ಲ. ಡಿಸಿ ಕಚೇರಿಗೆ ಅರ್ಜಿ ಕೊಟ್ಟು ಹಿಂಬರಹ ತಗೊಳ್ಳಿ. ಅದು ಕೈಗೆ ಬರುವತನಕ ಅದನ್ನು ಪಾಲಿಸಿಯಲ್ಲಿ ಸೇರಿಸಬೇಡಿ.

ಘಟಪ್ರಭಾ_ದಂಡಿ (ಮುಧೋಳ ತಾಲೂಕು)

ಎರಡು ತಿಂಗಳ ಮ್ಯಾಲ ಬರೀಲಿಕ್ಕತ್ತೀನಿ, ಕ್ಷಮಿಸ್ರಿ. ಕಬ್ಬು ಕಡಿಯೂ ಹಂಗಾಮ ಇತ್ತು.

ಪಾಲಿಸಿ ಕೈಗೆ ಬಂತು. ನನ್ನ ಹೆಸರಿಗೆ, ಸಾಮಾನಿಗಷ್ಟ. ಗ್ರೀನರ್‌ಗೆ ಡೀಲರ್ ಬರದು ಕೊಟ್ಟ 1 ಲಕ್ಷ 75 ಸಾವಿರ, ರೈಫಲ್ಲಿಗೆ 90 ಸಾವಿರ, ಉಳದ ಮನಿ ಸಾಮಾನು 4 ಲಕ್ಷ. ಬರ್ಗ್ಲರಿ ಮತ್ತ ಥೆಫ್ಟ್ ಸೇರಿ ವರ್ಷಕ್ಕ 2,640 ರೂಪಾಯಿ, 18 ಶೇಕಡಾ ಜಿಎಸ್‌ಟಿ ಕೂಡಿ 3,115 ಆತು. ಮದಲ ಎದ್ದು ಬಂದಿದ್ದೆನಲ್ಲ, ಆ ಕಡೆ ಹೇಳಿದ್ದು ಇದರ ಎರಡು ಪಟ್ಟಿಗಿಂತ ಜಾಸ್ತಿ, ಅದೂ ಹೆಸರು ಬರೀಲಾರದ. ಠಾಣೆ ಅವಧಿಯ ಸಾಲಿಗೆ ಶಾಖೆದಾಗ ಮದಲ ಒಪ್ಪಲಿಲ್ಲ. ಹವಾಲ್ದಾರ್ ಅಣ್ಣಾರ ಕಥಿ ಹೇಳಿದೆ, ಮ್ಯಾಲಿನ ಕಚೇರಿಗೆ ಬರದು ಕೇಳಿದ್ರು, ಇಪ್ಪತ್ತು ದಿವಸಕ್ಕ ಒಪ್ಪಿಗಿ ಬಂತು. ಡೀಲರ್ ಹತ್ರ ಇಟ್ರ ಮಾತ್ರ ಬರೂದಿಲ್ಲ ಅಂದಾರು. ಸಿಕ್ಕಷ್ಟು ಸಾಕು ಅಂತ ಸಹಿ ಮಾಡಿದೆ.

ಕೇಪಿನ ಬಂದೂಕಿನ ಅರ್ಜಿ ಡಿಸಿ ಕಚೇರಿದಾಗ ಐತಿ. ನಳಿಗಿ ತಳದ ಫೋಟೋ ಹಚ್ಚಿ ಕೊಟ್ಟೀನಿ. ಪರಿಶೀಲನಿಗೆ ಠಾಣೆಗೆ ತಂದು ತೋರಸ್ರಿ ಅಂದಾರು. ಅದರ ನಳಿಗಿಗೆ ಅವ್ವ ನಿನ್ನೆ ಎಣ್ಣಿ ಹಚ್ಚಿ, ಹಳೇ ಇಳಕಲ್ ಸೀರಿ ತುಂಡಿನ್ಯಾಗ ಸುತ್ತಿ ಇಟ್ಟಾಳ. ಸೋಮವಾರ ಒಯ್ತೀನಿ. ರಸೀದಿ ಮ್ಯಾಲ ಏನೇನು ಬರದಾರ ಅಂತ ಬಂದು ಇಲ್ಲೇ ಹಾಕ್ತೀನ್ರಿ.